ತಕ್ಕಡಿ ಸಾಹೇಬರ ಆದ್ಯತೆ

ಸರ್ಕಾರ ಬಿದ್ದ ಸುದ್ದಿ ನಮ್ಮ ಬೀದಿಗೆ ಟೀವಿಗಿಂತ ಮೊದಲು ನಮ್ಮ ಮನೆಯ ಮಹಡಿ ಮೆಟ್ಟಿಲಿನಿಂದ ತಿಳಿಯುತ್ತಿತ್ತು. ಮೇಲೆ ಬಾಡಿಗೆಗಿರುವ ತಕ್ಕಡಿ ಸಾಹೇಬರು ಅಂಥ ದಿನ ಬೆಳಿಗ್ಗೆ ಇಳಿದು ಬರುವಾಗ ಚಪ್ಪಲಿಯ ಸದ್ದೇ ಬೇರೆ. ಒಂದು ಮೆಟ್ಟಿಲು ಇಳಿಯುವುದು, ನಿಲ್ಲುವುದು, ಇನ್ನೊಂದು ಇಳಿಯುವುದು. ಕೆಳಗೆ ನಮ್ಮ ದಿನಸಿ ಅಂಗಡಿ. ಅಂಗಡಿಯ ಮುಂದೆ ನಿಂತು ಪೇಪರಿಗೆ ಕೈ ಚಾಚುವರು.

"ಏನ್ ಸಾಹೇಬ್ರೆ, ಆಫೀಸಿಲ್ವಾ ಇವತ್ತು?" ಎಂದು ನಮ್ಮ ಯಜಮಾನರು ಕೇಳಿದರೆ, "ಯಾಕೋ ತಲೆನೋವು" ಅನ್ನುವರು.

ಆ ತಲೆನೋವು ಹೊಸ ಮಂತ್ರಿ ಖಾತೆ ವಹಿಸಿಕೊಂಡು ಮೊದಲ ಹೇಳಿಕೆ ಕೊಡುವತನಕ ಇರುತ್ತಿತ್ತು. ಯುಗಾದಿಯ ದಿನ ಹಿರಿಯರು ಪಂಚಾಂಗ ಕೇಳುವ ಹಾಗೆ ಸಾಹೇಬರು ಆ ಹೇಳಿಕೆಯನ್ನು ಓದುತ್ತಿದ್ದರು. ಕೆಲವು ಸಾಲುಗಳನ್ನು ಗಟ್ಟಿಯಾಗಿ ಇನ್ನೊಮ್ಮೆ ಓದುವರು. ಓದಿ ಮುಗಿದದ್ದೇ ಮುಖಕ್ಕೆ ಕಳೆ ಬರುತ್ತಿತ್ತು. ಮಾರನೆಯ ದಿನ ಮೆಟ್ಟಿಲ ಮೇಲೆ ಚಪ್ಪಲಿ ಪಟಪಟ ಅನ್ನುತ್ತಿತ್ತು.

ಕಳೆದ ತಿಂಗಳು ಅವರಿಗೆ ನಿವೃತ್ತಿಯಾಯಿತು. ಮಾಗಡಿಯ ಒಂದು ಕಲ್ಯಾಣಮಂಟಪದಲ್ಲಿ ಸಮಾರಂಭ. ಪೇಟ ತೊಡಿಸಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಮಾತಾಡಿದವರೆಲ್ಲ ಹೇಳಿದ್ದು ಒಂದೇ: "ಎಷ್ಟು ಸರ್ಕಾರ ಬಂದವು, ಎಷ್ಟು ಹೋದವು, ಇವರು ಮಾತ್ರ ಬದಲಾಗಲಿಲ್ಲ." ಹಿಂದಿನ ಸಾಲಿನಲ್ಲಿ ಜಾಮೂನು ತಿನ್ನುತ್ತಿದ್ದ ನಾನು ಚಮಚವನ್ನು ಬಾಯಲ್ಲೇ ಇಟ್ಟುಕೊಂಡು ಕೂತೆ. ಆಮೇಲೆ ಯೋಚಿಸಿದರೆ ಅದೂ ನಿಜವೇ ಅನ್ನಿಸಿತು. ಗಾಳಿ ಯಾವ ಕಡೆಯಿಂದ ಬೀಸಿದರೂ ಗಾಳಿಪಟದ ಕಾಗದ ಬದಲಾಗುವುದಿಲ್ಲವಲ್ಲ.

ಅಂಗಡಿಗಳ ತಕ್ಕಡಿ, ತೂಕದ ಕಲ್ಲು, ಪೆಟ್ರೋಲ್ ಬಂಕಿನ ಪಂಪು, ಬಟ್ಟೆ ಅಳೆಯುವ ಮೀಟರ್ ಕಡ್ಡಿ, ಪೊಟ್ಟಣದ ಮೇಲಿನ ರೇಟು, ಇವೆಲ್ಲ ಸರಿಯಾಗಿವೆಯೇ ಎಂದು ನೋಡಿ ಸೀಲ್ ಹಾಕುವುದು, ಇಲ್ಲದಿದ್ದರೆ ಕೇಸು ಹಾಕುವುದು ಅವರ ಕೆಲಸ. ಆ ಹುದ್ದೆಗೆ ಸರ್ಕಾರ ಇಟ್ಟ ಹೆಸರು ಉದ್ದ. ಜನ ತಕ್ಕಡಿ ಸಾಹೇಬರು ಎಂದು ಮುಗಿಸಿದರು. ನಾನೂ ಅಷ್ಟಕ್ಕೇ ನಿಲ್ಲಿಸುತ್ತೇನೆ. ಸ್ವಂತ ಹೆಸರು ಬೇಡ. ಅವರಿನ್ನೂ ನಮ್ಮ ಮಹಡಿಯಲ್ಲೇ ಇದ್ದಾರೆ, ಬಾಡಿಗೆಯನ್ನು ತಪ್ಪದೆ ಕೊಡುತ್ತಾರೆ.

ಲಂಚ ಮುಟ್ಟಿದವರಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಮುಂದಿನದನ್ನು ಓದಿದವರಿಗೆ ಹಾಗನ್ನಿಸುವುದು ಸಹಜ. ನಮ್ಮ ಅಂಗಡಿಯಿಂದ ಒಂದು ಬೆಂಕಿಪೊಟ್ಟಣವನ್ನೂ ಬಿಟ್ಟಿ ಒಯ್ದವರಲ್ಲ. ಲಂಚ ತಿನ್ನುವವರಾಗಿದ್ದರೆ ಎಷ್ಟೋ ಸಲೀಸಿತ್ತು ಎಂದು ನಮ್ಮ ಯಜಮಾನರು ಹೇಳುತ್ತಾರೆ. ಕೊಟ್ಟರೆ ಕೆಲಸವಾಗುತ್ತದೆ ಎಂಬ ಒಂದು ಖಾತ್ರಿಯಾದರೂ ಇರುತ್ತಿತ್ತು.

ಅವರ ಮನೆಯೊಳಗೆ ಮಾತ್ರ ಯಾವ ಸರ್ಕಾರ ಬಂದರೂ ಗ್ರಾಹಕ ರಕ್ಷಣೆ ಚೆನ್ನಾಗಿಯೇ ನಡೆದಿತ್ತು. ಅಡುಗೆಮನೆಯ ತೊಲೆಗೆ ಕೊಕ್ಕೆಯ ತಕ್ಕಡಿ ನೇತುಹಾಕಿದ್ದರು. ಗ್ಯಾಸ್ ಸಿಲಿಂಡರ್ ಬಂದರೆ ಮೊದಲು ಅದಕ್ಕೆ ತೂಗಾಟ. ತರಕಾರಿ ಗಾಡಿಯವನು ಕೊಟ್ಟ ಬದನೆಕಾಯಿ ಮೇಲೆ ಹೋಗಿ ಮತ್ತೆ ತೂಗಿಸಿಕೊಂಡೇ ಸಾರಿಗೆ ಬೀಳಬೇಕು. "ನಮ್ಮನೆ ಬದನೆಕಾಯಿಗೆ ಎರಡು ಸಲ ತಲೆ ಸುತ್ತುತ್ತೆ ಕಣ್ರೀ" ಎಂದು ಅವರ ಹೆಂಡತಿ ನಗುತ್ತಿದ್ದರು. ಕೈಗೆ ಏನು ಕೊಟ್ಟರೂ ಸಾಹೇಬರು ಒಂದು ಸಲ ಅಂಗೈಯಲ್ಲಿ ಎತ್ತಿ ಇಳಿಸಿ ನೋಡುವರು. ಕಾಫಿಯ ಲೋಟ, ಮದುವೆಯ ಕಾಗದ, ಅರಿಶಿನ ಕುಂಕುಮದ ತೆಂಗಿನಕಾಯಿ, ಯಾವುದೂ ಅದರಿಂದ ತಪ್ಪಿಸಿಕೊಂಡದ್ದಿಲ್ಲ. ನಮ್ಮ ಮನೆಗೆ ಮೊಮ್ಮಗು ಬಂದಾಗ ಅದನ್ನೂ ಹಾಗೇ ಎತ್ತಿ ಇಳಿಸಿ, "ಪರವಾಗಿಲ್ಲ" ಅಂದಿದ್ದರು.

ಆಫೀಸಿನಲ್ಲಿ ಅವರ ಕುರ್ಚಿಯ ಹಿಂದೆ ಮಂತ್ರಿಗಳ ಫೋಟೋ ಇತ್ತು. ಎಷ್ಟೋ ಮಂತ್ರಿಗಳಿಗೆ ಒಂದೇ ಚೌಕಟ್ಟು. ಹೊಸಬರು ಬಂದರೆ ಹಳಬರನ್ನು ತೆಗೆಯುತ್ತಿರಲಿಲ್ಲ, ಮುಂದೆ ಇನ್ನೊಂದನ್ನು ಸೇರಿಸಿ ಗಾಜು ಮುಚ್ಚುವರು. ಚೌಕಟ್ಟು ಉಬ್ಬಿ, ಹಿಂದಿನ ರಟ್ಟಿಗೆ ಸುತ್ತಲೂ ದಾರ ಕಟ್ಟಿದ್ದರು. "ಯಾಕೆ ಸಾಹೇಬ್ರೆ, ಹಳೇದು ತೆಗೆದುಹಾಕಬಾರ್ದಾ?" ಎಂದು ಕೇಳಿದ್ದಕ್ಕೆ, "ತೆಗೆಯೋಕಾಗುತ್ತೇನಮ್ಮಾ? ಯಾರು ಯಾವಾಗ ವಾಪಸ್ ಬರ್ತಾರೋ" ಅಂದರು. ಒಂದು ಸಲ ಒಬ್ಬರು ನಿಜಕ್ಕೂ ವಾಪಸ್ ಬಂದರು. ಸಾಹೇಬರು ದಾರ ಬಿಚ್ಚಿ, ಅವರನ್ನು ಹಿಂದಿನಿಂದ ಎಳೆದು ಮುಂದಕ್ಕೆ ಹಾಕಿ, ಅವತ್ತು ಸಂಜೆ ನಮಗೆಲ್ಲ ಬಾಳೆಹಣ್ಣು ಹಂಚಿದರು. ಅಷ್ಟು ಖುಷಿಯಾಗಿತ್ತು ಅವರಿಗೆ, ಮಂತ್ರಿ ಬಂದದ್ದಕ್ಕೋ ಫೋಟೋ ಉಳಿಸಿಟ್ಟದ್ದಕ್ಕೋ ಹೇಳಲಾರೆ.

ಅವರ ಬಾಯಲ್ಲಿ ಸದಾ ಇದ್ದ ಮಾತು 'ಆದ್ಯತೆ'. "ಕಾನೂನು ಎಲ್ಲಾ ಕಾಲಕ್ಕೂ ಒಂದೇ ಅಮ್ಮ. ಆದ್ಯತೆ ಮಾತ್ರ ಮೇಲಿಂದ ಬರುತ್ತೆ" ಎಂದು ವಿವರಿಸುವರು. ಮೇಲೆ ಅಂದರೆ ವಿಧಾನಸೌಧ. ಅದು ಅಲ್ಲಿಂದ ಹೊರಟು, ರಾಮನಗರದ ಮೀಟಿಂಗಿಗೆ ಬಂದು, ಅಲ್ಲಿಂದ ಇವರ ಜೀಪಿನಲ್ಲಿ ಮಾಗಡಿಗೆ ಬರುತ್ತಿತ್ತು. ನಮ್ಮ ಮನೆಯಲ್ಲಿ ಆ ಮಾತು ಒಗ್ಗರಣೆಯಷ್ಟೇ ಮಾಮೂಲಾಯಿತು. ನನಗೆ ಮೈ ಸರಿಯಿಲ್ಲದ ದಿನ ಯಜಮಾನರು ಮಕ್ಕಳಿಗೆ, "ಏಳ್ರಲೇ, ಇವತ್ತು ಉಪ್ಪಿಟ್ಟಿಗೆ ಆದ್ಯತೆ" ಅನ್ನುವರು.

ಒಂದು ಸರ್ಕಾರದಲ್ಲಿ ಆದ್ಯತೆ ಗೊಬ್ಬರದ ಚೀಲಕ್ಕೆ ಬಂತು. ಸಾಹೇಬರ ಬಿಳಿ ಅಂಗಿಗೆ ಯೂರಿಯಾದ ವಾಸನೆ ಹತ್ತಿ, ಅದು ಹೋಗುವಷ್ಟರಲ್ಲಿ ಸರ್ಕಾರವೇ ಹೋಯಿತು. ಮುಂದಿನವರ ಕಾಲದಲ್ಲಿ ಸ್ವೀಟಿಗೆ ಬಂತು. ಯಾರೋ ಮಂತ್ರಿಯ ಮನೆಗೆ ಕೊಟ್ಟ ಮೈಸೂರುಪಾಕಿನಲ್ಲಿ ಸಿಹಿಗಿಂತ ಡಬ್ಬವೇ ಭಾರವಿತ್ತೆಂದು ಸುದ್ದಿ. ಸಾಹೇಬರು ಬಸ್ ಸ್ಟ್ಯಾಂಡಿನ ಪಕ್ಕದ ಸ್ವೀಟ್ ಅಂಗಡಿಗೆ ನುಗ್ಗಿ, ಡಬ್ಬ ಬೇರೆ, ಮುಚ್ಚಳ ಬೇರೆ, ಒಳಗಿನ ಬೆಣ್ಣೆಕಾಗದ ಬೇರೆ ತೂಗಿಸಿದರು. ಮುಚ್ಚಳವನ್ನು ಮೇಲೆ ಎತ್ತಿಹಿಡಿದು, "ಗಿರಾಕಿ ಲಾಡು ತಿಂತಾನೇನ್ರಿ, ಮುಚ್ಚಳ ತಿಂತಾನೇನ್ರಿ?" ಎಂದು ಗುಡುಗಿದರು. ಬಸ್ಸಿಗೆ ಕಾಯುತ್ತಿದ್ದವರು ಚಪ್ಪಾಳೆ ಹೊಡೆದರು. ಅದೇ ದಿನಗಳಲ್ಲಿ ಕನಕಪುರದ ಕಡೆಯ ಒಬ್ಬ ಲಾರಿ ಡ್ರೈವರು ಮನೆಯ ತನಕ ಹುಡುಕಿಕೊಂಡು ಬಂದು, ಬಂಕಿನಲ್ಲಿ ಡೀಸೆಲ್ ಕಮ್ಮಿ ಹಾಕುತ್ತಾರೆ ಎಂದು ಗೋಳಾಡಿದ. ಸಾಹೇಬರು ಪೂರ್ತಿ ಕೇಳಿಸಿಕೊಂಡು, "ಬಂಕು ಸದ್ಯಕ್ಕೆ ಆದ್ಯತೆಯಲ್ಲಿಲ್ಲಪ್ಪ. ಸ್ವೀಟಿನ ವಿಷಯ ಏನಾದ್ರೂ ಇದ್ರೆ ಹೇಳು" ಅಂದರು. ಆ ಡ್ರೈವರು ನಮ್ಮ ಅಂಗಡಿಯಲ್ಲಿ ಬೀಡಿ ತೆಗೆದುಕೊಂಡು ಹೋದ.

ಇನ್ನೊಂದು ಸರ್ಕಾರ ಪೊಟ್ಟಣದ ಮೇಲೆ ವಿವರ ಇರಲೇಬೇಕು ಅಂದಿತು. ಸಾಹೇಬರನ್ನು ಚನ್ನಪಟ್ಟಣದ ಕಡೆಗೂ ಓಡಿಸಿದರು. ಅಲ್ಲಿ ಬೊಂಬೆ ಮಾಡುವ ಒಬ್ಬ ಮುದುಕರ ಮನೆಗೆ ಹೋಗಿ, ರೇಟು ಎಲ್ಲಿ, ತಯಾರಾದ ತಿಂಗಳು ಎಲ್ಲಿ ಎಂದು ಕೇಳಿದ್ದಾರೆ. ಆ ಸಾಬರು ಕೈಯಲ್ಲಿದ್ದ ಬಣ್ಣದ ಬುಗುರಿಯನ್ನು ನೆಲಕ್ಕೆ ಬಿಟ್ಟು, "ಇದಕ್ಕೆಲ್ಲಿ ಅಂಟ್ಸೋದು ಸಾಬ್? ತಿರುಗ್ತಾ ಇದ್ರೆ ಓದೋರ್ಯಾರು?" ಅಂದರಂತೆ. ಇದನ್ನು ಸಾಹೇಬರೇ ಬಂದು ಹೇಳಿದ್ದು. "ಬಹಳ ಉದ್ಧಟತನ" ಎಂದು ಸೇರಿಸಿದರು. ನಾವು ನಗು ತಡೆದುಕೊಂಡು ತಲೆಯಾಡಿಸಿದೆವು.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ, ನಕ್ಕು ಸುಮ್ಮನಾಗುತ್ತಿದ್ದೆ. ನಮ್ಮತ್ತಿಗೆಯ ವಿಷಯ ಬಂತು ನೋಡಿ, ಅದರಿಂದ ಬರೆಯುತ್ತಿದ್ದೇನೆ.

ನನ್ನ ತೌರು ಮಾಗಡಿಯಿಂದ ಸೋಲೂರಿಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಸಿಗುವ ಊರು. ನಮ್ಮಣ್ಣನಿಗೆ ಸೊಂಟ ಹಿಡಿದ ಮೇಲೆ ಹೊಲದ ಕೆಲಸ ಅರ್ಧಕ್ಕೆ ಇಳಿದಿದೆ. ಮನೆ ನಿಂತಿರುವುದು ಅತ್ತಿಗೆ ಕಟ್ಟಿರುವ ಸೀಮೆಹಸುಗಳ ಮೇಲೆ. ಬೆಳಿಗ್ಗೆ, ಸಂಜೆ ಹಾಲು ಕರೆದು ಊರಿನ ಡೈರಿಗೆ ಹಾಕಿ ಬರುವುದು ಅವಳ ದಿನಚರಿ. ಡೈರಿಯಲ್ಲಿ ಒಬ್ಬ ಸೆಕ್ರೆಟರಿ. ತೂಕದ ಯಂತ್ರದ ಮೇಲೆ ಅವನು ಬಕೆಟ್ಟನ್ನು ಮುಚ್ಚಳದ ಸಮೇತ ಇಟ್ಟು ಸೊನ್ನೆ ಒತ್ತುವನು. ಆಮೇಲೆ ಮುಚ್ಚಳ ತೆಗೆದು ಮೊಳೆಗೆ ತಗುಲಿಸಿ, ಹಾಲು ಸುರಿಸಿಕೊಳ್ಳುವನು. ದಪ್ಪ ಸ್ಟೀಲಿನ ಮುಚ್ಚಳ. ಹೀಗೆ ಮಾಡಿದರೆ ಮುಚ್ಚಳದಷ್ಟು ತೂಕದ ಹಾಲು ಯಂತ್ರದಲ್ಲಿ ಕಾಣುವುದೇ ಇಲ್ಲ. ಹಾಲು ಹಾಕುವ ಪ್ರತಿಯೊಬ್ಬರೂ ದಿನಾ ಎರಡು ಹೊತ್ತು ಒಂದೊಂದು ಮುಚ್ಚಳದಷ್ಟು ಹಾಲನ್ನು ಧರ್ಮಕ್ಕೆ ಸುರಿದು ಬರುತ್ತಿದ್ದರು. ಊರಿಗೆಲ್ಲ ಗೊತ್ತಿತ್ತು. ಸೆಕ್ರೆಟರಿ ಆಳುವ ಪಕ್ಷದ ಅಧ್ಯಕ್ಷರ ಕಡೆಯವನು, ಬಾಯಿ ಬಿಟ್ಟವರ ಹಾಲು ನಾಳೆ ಕೆಡುತ್ತದೆ ಎಂಬುದೂ ಗೊತ್ತಿತ್ತು. ಅತ್ತಿಗೆಗೆ ಬಾಯಿ ಮುಚ್ಚಿಕೊಂಡಿರುವುದು ಗೊತ್ತಿರಲಿಲ್ಲ.

ಒಂದು ದಿನ ನುಗ್ಗೆಕಾಯಿಯ ಕಟ್ಟು ಹಿಡಿದು ಬಂದು, "ನಿಮ್ಮನೆ ಮ್ಯಾಲೆ ತಕ್ಕಡಿ ಸಾಹೇಬ್ರು ಅವ್ರಲ್ಲವ್ವ, ಒಸಿ ಕರಿ" ಅಂದಳು. ಕರೆದೆ. ಅವಳು ಮುಚ್ಚಳದ ಕತೆಯನ್ನು ನಮ್ಮ ಸೇರು ಪಾತ್ರೆಯೊಂದನ್ನು ಇಟ್ಟುಕೊಂಡು ಮಾಡಿ ತೋರಿಸಿದಳು. ಸಾಹೇಬರು ನುಗ್ಗೆಕಾಯನ್ನು ಅಂಗೈಯಲ್ಲಿ ಎತ್ತಿ ಇಳಿಸುತ್ತಾ ಕೇಳಿದರು. ಆಗ ಇದ್ದದ್ದು ವ್ಯಾಪಾರಸ್ನೇಹಿ ಸರ್ಕಾರ. ಯಾರ ಮೇಲೂ ದಾಳಿ ಮಾಡುವಂತಿಲ್ಲ, ಕೇಸು ಹಾಕುವಂತಿಲ್ಲ. ಅಂಗಡಿಗೆ ಹೋಗಿ ಗುಲಾಬಿ ಹೂ ಕೊಟ್ಟು, 'ಸರಿಯಾಗಿ ತೂಗಿ' ಎಂದು ಕೈ ಮುಗಿದು ಬರಬೇಕು.

"ನೀವು ಹೇಳೋದು ನಿಜ ಇರಬಹುದಮ್ಮ," ಅಂದರು ಸಾಹೇಬರು. "ಆದರೆ ಈಗಿನ ಆದ್ಯತೆ ಅರಿವು ಮೂಡಿಸೋದು."

"ನಂಗೆ ಅರಿವು ಮೂಡೈತೆ ಸ್ವಾಮಿ. ಅಂವ್ನಿಗೆ ಮೂಡ್ಸಿ."

"ಅದನ್ನೇ ಮಾಡ್ತೀನಿ" ಎಂದು ಸಾಹೇಬರು ಹೋದರು. ಹೋಗಿ ಸೆಕ್ರೆಟರಿಗೆ ಗುಲಾಬಿ ಕೊಟ್ಟೂ ಬಂದರು. ಅವನು ಆ ಹೂವನ್ನು ಯಂತ್ರದ ಮೇಲಿಟ್ಟು, "ನೋಡಿ ಸಾರ್, ಹೂವಿನ ತೂಕನೂ ತೋರಿಸ್ತದೆ, ಅಷ್ಟು ಕರೆಕ್ಟಾಗೈತೆ" ಅಂದನಂತೆ. ಫೋಟೋ ತೆಗೆಸಿಕೊಂಡರು.

ಆ ಸರ್ಕಾರ ಅರ್ಧ ದಾರಿಯಲ್ಲೇ ಬಿತ್ತು. ಯಾರು ಯಾವ ರೆಸಾರ್ಟಿನಲ್ಲಿದ್ದಾರೆ ಎಂದು ಟೀವಿಯವರು ಇನ್ನೂ ಹುಡುಕುತ್ತಿರುವಾಗಲೇ ಅತ್ತಿಗೆ ಮೊದಲ ಬಸ್ಸು ಹತ್ತಿ ಬಂದುಬಿಟ್ಟಳು. ಸಾಹೇಬರು ಮೆಟ್ಟಿಲಿನ ನಡುವೆ ತಲೆನೋವಿನಲ್ಲಿ ನಿಂತಿದ್ದರು.

"ಬಿತ್ತಂತಲ್ಲ ಸ್ವಾಮಿ! ಇನ್ನು ನಮ್ ಡೈರಿ ತಾವಕ್ಕೆ ಬತ್ತೀರಾ?"

"ಇನ್ನೂ ಖಾತೆ ಹಂಚಿಕೆ ಆಗಿಲ್ಲಮ್ಮ."

"ಖಾತೆ ಅಂವ್ರು ಹಂಚ್ಕೊಳ್ಳಿ, ಮುಚ್ಚಳ ನೀವು ನೋಡ್ಬುಡಿ."

ಸಾಹೇಬರು ನನ್ನ ಕಡೆ ನೋಡಿದರು, ಈ ಹೆಂಗಸನ್ನು ಒಳಗೆ ಕರೆದುಕೊಂಡು ಹೋಗಿ ಕಾಫಿ ಕೊಡಿ ಅನ್ನುವ ಹಾಗೆ. ಕೊಟ್ಟೆ.

ಹೊಸ ಸರ್ಕಾರ ಬಂತು, ಖಾತೆಯೂ ಹಂಚಿಕೆಯಾಯಿತು, ಹಿಂದಿನವರ ಕಾಲದಲ್ಲಿ ಮುಚ್ಚಿಟ್ಟ ದೂರುಗಳನ್ನೆಲ್ಲ ವಿಚಾರಿಸಿ ಎಂದು ಅಪ್ಪಣೆಯಾಯಿತು. ಸಾಹೇಬರು ಅತ್ತಿಗೆಯ ಊರಿಗೆ ಹೋದರು. ರಾಗಿ ಬೀಸಿಸಿಕೊಂಡು ಬರೋಣವೆಂದು ನಾನೂ ಅವತ್ತು ತೌರಿನಲ್ಲೇ ಇದ್ದೆ, ಕಣ್ಣಾರೆ ಕಂಡೆ. ಡೈರಿ ತೆಗೆಯುವುದು ಬೆಳ್ಳಂಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಜೀಪು ಬಂದದ್ದು ನಡುಮಧ್ಯಾಹ್ನ. ಆಫೀಸು ತೆಗೆಯುವುದೇ ಹತ್ತಕ್ಕಲ್ಲವೇ. ಬಾಗಿಲು ಹಾಕಿರುತ್ತದೆಂದು ಮೊದಲೇ ಫೋನು ಮಾಡಿ, ಬೀಗದ ಕೈ ತರಲು ಸೆಕ್ರೆಟರಿಗೇ ಹೇಳಿದ್ದರು. ಅವನು ಇಸ್ತ್ರಿ ಅಂಗಿ ಹಾಕಿಕೊಂಡು, ಎಳನೀರು ಕೊಚ್ಚಿಸಿ ಇಟ್ಟುಕೊಂಡು ಕಾಯುತ್ತಿದ್ದ. ಸಾಹೇಬರು ಎಳನೀರು ಮುಟ್ಟಲಿಲ್ಲ, ಹೇಳಿದೆನಲ್ಲ. ಪೆಟ್ಟಿಗೆಯಿಂದ ಸರ್ಕಾರದ ತೂಕದ ಕಲ್ಲುಗಳನ್ನು ಬಿಳಿ ಬಟ್ಟೆಯಲ್ಲಿ ಒರೆಸಿ ಒಂದೊಂದಾಗಿ ಯಂತ್ರದ ಮೇಲಿಟ್ಟರು. ಎಲ್ಲ ಸರಿಯಾಗಿ ತೋರಿಸಿತು. ತೋರಿಸದೆ ಏನು, ಯಂತ್ರಕ್ಕೆ ರೋಗವಿರಲಿಲ್ಲವಲ್ಲ.

ಅತ್ತಿಗೆ ಬಾಗಿಲಲ್ಲಿ ನಿಂತಿದ್ದಳು. "ಸ್ವಾಮಿ, ಆ ಗೋಡೆ ಮ್ಯಾಲೆ ನೇತಾಡ್ತೈತಲ್ಲ ಮುಚ್ಚಳ, ಅದ ಇಕ್ಕಿ ನೋಡಿ."

ಸಾಹೇಬರು ಮೊಳೆಯಲ್ಲಿ ನೇತಾಡುತ್ತಿದ್ದ ಮುಚ್ಚಳವನ್ನು ನೋಡಿದರು. ಸ್ವೀಟ್ ಅಂಗಡಿಯಲ್ಲಿ ರಟ್ಟಿನ ಮುಚ್ಚಳ ಎತ್ತಿ ಗುಡುಗಿದ ಮನುಷ್ಯ. ನಿಧಾನವಾಗಿ ಹೇಳಿದರು:

"ಮುಚ್ಚಳ ನಮ್ಮ ವ್ಯಾಪ್ತಿಗೆ ಬರಲ್ಲಮ್ಮ. ಯಂತ್ರ ಮಾತ್ರ."

"ಸಂಜೆಗಂಟ ಒಸಿ ಕುಂತ್ಕಳಿ. ಹಾಲು ಹಾಕೋವಾಗ ನಿಮ್ ಕಣ್ಣಾಗೇ ನೋಡೀರಂತೆ."

"ಸಂಜೆ ರಾಮನಗರದಲ್ಲಿ ಮೀಟಿಂಗ್ ಇದೆ" ಎಂದು ಸಾಹೇಬರು ಯಂತ್ರಕ್ಕೆ ಹೊಸ ಸೀಲ್ ಹಾಕಿ, ಎಲ್ಲ ಸರಿಯಿದೆ ಎಂದು ಬರೆದುಕೊಟ್ಟು ಹೊರಟರು. ಆ ಕಾಗದಕ್ಕೆ ಸೆಕ್ರೆಟರಿ ಕಟ್ಟು ಹಾಕಿಸಿ, ಲಕ್ಷ್ಮಿಯ ಫೋಟೋದ ಪಕ್ಕ ತೂಗುಹಾಕಿ, ಇಬ್ಬರಿಗೂ ಸೇರಿಸಿ ಒಂದೇ ಊದುಬತ್ತಿ ಹಚ್ಚಿದ.

ಮಾರನೆಯ ಬೆಳಿಗ್ಗೆ ಅತ್ತಿಗೆಯ ಸರದಿ ಬಂದಾಗ ಅವನು ಸ್ಯಾಂಪಲ್ ತೆಗೆದು, ಗಾಜಿನ ಕೊಳವೆಯನ್ನು ಬೆಳಕಿಗೆ ಹಿಡಿದು, "ಡಿಗ್ರಿ ಬರ್ತಿಲ್ಲ ಕಣಕ್ಕೋ. ನೀರು ಕಾಣ್ತದೆ" ಅಂದ.

"ನನ್ನ ಹಾಲಿಗೆ ನೀರ್ಲಾ? ಕಣ್ಣಿಗೆ ಹಾಕ್ಕೊ ನೀರ, ಸರಿಯಾಗಿ ಕಾಣ್ತದೆ."

"ರೂಲ್ಸು ಅಕ್ಕೋ. ಸೀಲ್ ಬಿದ್ದಿರೋ ಡೈರಿ ಇದು."

ಸಂಜೆಯೂ ಡಿಗ್ರಿ ಬರಲಿಲ್ಲ. ಮಾರನೆಯ ದಿನವೂ ಇಲ್ಲ. ಸಾಲಿನಲ್ಲಿ ನಿಂತವರು ಆಕಾಶ ನೋಡಿದರು. ತುಂಬಿದ ಕ್ಯಾನನ್ನು ತಲೆಯ ಮೇಲೆ ಹೊತ್ತು ಇಡೀ ಬೀದಿಯ ಮುಂದೆ ಅವಳು ವಾಪಸ್ ನಡೆದಳು. ಡೈರಿ ಬೇಡವೆಂದರೆ ಹಸುವಿಗೆ ಗೊತ್ತಾಗುತ್ತದೆಯೇ? ಹೊತ್ತಿಗೆ ಸರಿಯಾಗಿ ಕೆಚ್ಚಲು ಬಿಗಿದು ಕೂಗುತ್ತದೆ. ಮೊದಮೊದಲು ಹೆಪ್ಪು ಹಾಕಿದಳು, ಬೆಣ್ಣೆ ಕಾಸಿದಳು, ಕರುಗಳಿಗೆ ಕುಡಿಸಿದಳು. ಹಿಂಡಿ, ಬೂಸ ತರುವುದು ಯಾವುದರಿಂದ? ದನದ ದಲ್ಲಾಳಿ ಬೇಲಿಯ ಆಚೆಯಿಂದ ಕೆಂದ ಹಸುವನ್ನು ನೋಡಿಕೊಂಡು ಹೋದನಂತೆ. ಇವಳು ಕರೆದಿರಲೇ ಇಲ್ಲ. "ವಾಸ್ನೆ ಹೆಂಗ್ ಹೊಡೀತದೋ ಅವಕ್ಕೆ" ಎಂದು ಅತ್ತಿಗೆ ಫೋನಿನಲ್ಲಿ ಹೇಳಿದಳು.

ನಾನೇ ಹೇಳಿದೆ, ಮಾಗಡಿಗೆ ತಾ, ನಮ್ಮ ಬೀದಿಯಲ್ಲಿ ವರ್ತನೆ ಹಾಕು ಎಂದು. ದಿನಾ ಮನೆಮನೆಗೆ ಹಾಲು ಕೊಡುವುದಕ್ಕೆ ನಮ್ಮ ಕಡೆ ವರ್ತನೆ ಅನ್ನುತ್ತೇವೆ. ಪ್ಯಾಕೆಟ್ಟಿನ ಹಾಲು ಕುಡಿದು ಬೇಸತ್ತ ಬೀದಿ ಇದು. ಮೊದಲು ಪಾತ್ರೆ ಹಿಡಿದವರು ಸಾಹೇಬರ ಹೆಂಡತಿ. ಬೆಳಿಗ್ಗೆ ಬಸ್ಸಿನಲ್ಲಿ ಕ್ಯಾನಿಟ್ಟುಕೊಂಡು ಬಂದು ಅತ್ತಿಗೆ ಗೇಟಿನಲ್ಲಿ ನಿಂತು ಕೂಗಿದರೆ ಹೆಂಗಸರು ಸಾಲಾಗಿ ಬರುವರು. ಮನೆಯಲ್ಲಿದ್ದ ಹಿತ್ತಾಳೆ ಚೊಂಬೇ ಅವಳ ಅಳತೆ. ಕಂಠದ ಮಟ್ಟ ತುಂಬಿದರೆ ಲೀಟರು ಎಂಬುದು ಅವಳ ಅತ್ತೆ ಕಲಿಸಿದ್ದು. ಅದನ್ನು ಸುರಿದು, ಮೇಲೆ ಒಂದು ಕೊಸರು ಹಾಕುವಳು. ಅಳತೆ ಮುಗಿದ ಮೇಲೆ ಲೆಕ್ಕವಿಲ್ಲದೆ ಹಾಕುವ ಆ ತೊಟ್ಟಿಗೇ ಕೊಸರು ಅನ್ನುವುದು. ಕೊಸರಿಲ್ಲದೆ ಹಾಲು ಕೊಡುವುದನ್ನು ಅವಳು ಕಂಡೇ ಇರಲಿಲ್ಲ. "ಬರೀ ಅಳತೆ ಹುಯ್ದು ಬಂದ್ರೆ ಸಂಜಿಕೆ ಹಸ ಮಕ ತಿರುಗಿಸ್ಕತದೆ" ಅನ್ನುವಳು. ಸಾಹೇಬರ ಕಾಫಿ ಗಟ್ಟಿಯಾಯಿತು. ಮೊಸರಿನ ಮೇಲೆ ಕೆನೆ ನಿಂತಿತು. ಪ್ಯಾಕೆಟ್ ಹಾಲನ್ನೂ ತೂಗುತ್ತಿದ್ದ ಮನುಷ್ಯ ಅತ್ತಿಗೆಯ ಹಾಲನ್ನು ಒಂದು ದಿನವೂ ಅಳೆಯಲಿಲ್ಲ. ಕೆಂದ ಹಸು ಹಟ್ಟಿಯಲ್ಲೇ ಉಳಿಯಿತು.

ಆಮೇಲೆ ಚುನಾವಣೆ ಬಂತು, ಸರ್ಕಾರ ಮತ್ತೆ ಬದಲಾಯಿತು. ಸಾಹೇಬರು ತಲೆನೋವು ಮುಗಿಸಿಕೊಂಡು ಪೇಪರು ಓದಿದರು. ಹೊಸ ಮಂತ್ರಿಗಳು ಹೇಳಿದ್ದರು: ಈ ಸಲ ಹಾಲು. ಹಾಲಿನ ಅಳತೆಯಲ್ಲಿ ಮೋಸವಾದರೆ ಸಹಿಸುವುದಿಲ್ಲ, ಪ್ರತಿ ತಾಲೂಕಿನಿಂದಲೂ ಕೇಸು ಬರಬೇಕು.

ಆಗ ನನಗಾದ ಸಂತೋಷ ಹೇಳಲಾರೆ. ಆ ಸಂಜೆ ಅವರನ್ನು ಮೆಟ್ಟಿಲ ಬುಡದಲ್ಲೇ ತಡೆದೆ. "ಸಾಹೇಬ್ರೆ, ಹಾಲಿಗೇ ಆದ್ಯತೆ ಬಂತಲ್ಲ. ಈಗ ನಮ್ಮೂರ ಡೈರಿಗೆ ಬೆಳಿಗ್ಗೆ ಹೊತ್ತು ಹೋಗಿ."

ಅವರು ನನ್ನನ್ನು ಕನಿಕರದಿಂದ ನೋಡಿದರು. "ಅಲ್ಲಿ ನಂದೇ ಸೀಲ್ ಇದೆಯಲ್ಲಮ್ಮ."

"ಅದಕ್ಕೇನೀಗ?"

"ನನ್ನ ಸೀಲ್ ಇರೋ ಕಡೆ ತಪ್ಪಿದೆ ಅಂತ ನಾನೇ ಹೇಗೆ ಬರೆಯಲಿ? ಅಲ್ಲದೆ ಆ ಹುಡುಗ ಈಗ ಇವರ ಕಡೆ ಇದ್ದಾನೆ." ಸೆಕ್ರೆಟರಿ ಫಲಿತಾಂಶದ ಸಂಜೆಯೇ ಹೆಗಲ ಮೇಲಿನ ಶಾಲು ಬದಲಾಯಿಸಿದ್ದನಂತೆ. ಆ ವಿಷಯದಲ್ಲಿ ಅವನಿಗೆ ತಲೆನೋವೂ ಬಂದಿರಲಿಲ್ಲ.

ತಿಂಗಳು ಮುಗಿಯುತ್ತಾ ಬಂತು. ರಾಮನಗರದಿಂದ ದಿನಾ ಫೋನು, ಮಾಗಡಿಯಿಂದ ಹಾಲಿನ ಕೇಸು ಎಲ್ಲಿ ಎಂದು. ಒಂದು ಬೆಳಿಗ್ಗೆ ಅತ್ತಿಗೆ ಗೇಟಿನಲ್ಲಿ ಕ್ಯಾನಿಳಿಸಿ ನನ್ನ ಪಾತ್ರೆಗೆ ಸುರಿಯುತ್ತಿದ್ದಳು. ಸಾಹೇಬರು ಮೆಟ್ಟಿಲಿಳಿದು ಬಂದರು. ಹಿಂದೆ ಪೆಟ್ಟಿಗೆ ಹಿಡಿದ ಜವಾನ. ಅವರ ಹಿಂದೆ ಹಾಲಿನ ಪಾತ್ರೆ ಹಿಡಿದ ಅವರ ಹೆಂಡತಿ.

"ಆ ಚೊಂಬು ಕೊಡಿಮ್ಮ" ಅಂದರು.

ಅತ್ತಿಗೆ ಅವರಿಗೆ ಹಾಲು ಬೇಕೇನೋ ಎಂದುಕೊಂಡು ತುಂಬಿಸಿಯೇ ಕೊಟ್ಟಳು. ಅವರು ಹಾಲನ್ನು ಕ್ಯಾನಿಗೆ ವಾಪಸ್ ಸುರಿದು, ಚೊಂಬನ್ನು ತಿರುಗಿಸಿ ತಳ ನೋಡಿದರು. "ಸೀಲ್ ಎಲ್ಲಿ?"

"ಚೊಂಬಿಗೆ ಎಂಥ ಸೀಲು ಸ್ವಾಮಿ? ನಮ್ಮತ್ತೆದು ಅದು."

ನಮ್ಮ ಅಂಗಡಿಯ ಕಟ್ಟೆಯ ಮೇಲೆ ಪರೀಕ್ಷೆ ನಡೆಯಿತು. ಸರ್ಕಾರದ ಲೀಟರಿನಲ್ಲಿ ನೀರು ತುಂಬಿ ಚೊಂಬಿಗೆ ಸುರಿದರು. ಚೊಂಬು ತುಂಬಲಿಲ್ಲ. ಕಂಠ ಮುಟ್ಟಲು ಇನ್ನೂ ಒಂದು ಲೋಟ ಹಿಡಿಯುವಷ್ಟು ಜಾಗವಿತ್ತು. ಅಂದರೆ ಇಷ್ಟು ದಿನ ಬೀದಿಯ ಪ್ರತಿ ಮನೆಗೂ ಲೀಟರಿಗಿಂತ ಹೆಚ್ಚು ಹೋಗುತ್ತಿತ್ತು, ಅದರ ಮೇಲೆ ಕೊಸರು ಬೇರೆ. ನಾನು, ಸದ್ಯ, ಬಿಟ್ಟುಬಿಡುತ್ತಾರೆ ಎಂದುಕೊಂಡೆ. ನಮ್ಮ ಯಜಮಾನರು ನಗುತ್ತಾ, "ನೋಡಿ ಸಾಹೇಬ್ರೆ, ಮೋಸ ಹೋಗಿರೋದು ಅವಳೇ" ಅಂದರು.

"ಹೆಚ್ಚಿದ್ರೂ ತಪ್ಪೇ" ಅಂದರು ಸಾಹೇಬರು, ಬರೆಯುತ್ತಲೇ. "ಅಳತೆ ಅಂದ್ರೆ ಅಳತೆ."

ಅತ್ತಿಗೆ ಸೆರಗಿನಿಂದ ಕೈ ಒರೆಸಿಕೊಂಡಳು. "ಕಮ್ಮಿ ಕೊಟ್ಟೋನಿಗೆ ಮುದ್ರೆ ಒತ್ತಿ ಬಂದ್ರಿ. ಜಾಸ್ತಿ ಕೊಟ್ಟೋಳ್ಗೆ ಕೇಸಾ ಸ್ವಾಮಿ?"

ಸಾಹೇಬರು ಬರೆದು ಮುಗಿಸಿದರು. ಜವಾನನ ಪೆಟ್ಟಿಗೆಯೊಳಕ್ಕೆ ಚೊಂಬು ಹೋಯಿತು. ಅವರ ಹೆಂಡತಿ ಇನ್ನೂ ಪಾತ್ರೆ ಹಿಡಿದೇ ನಿಂತಿದ್ದರು. ಅತ್ತಿಗೆ ಅವರತ್ತ ತಿರುಗಿ, "ಅಳತೆನ ನಿಮ್ಮೆಜಮಾನ್ರು ತಕ್ಕಂಡೋದ್ರು ಕಣವ್ವ, ಯಾತ್ರಾಗೆ ಹುಯ್ಲಿ?" ಎಂದು ಕ್ಯಾನ್ ಮುಚ್ಚಿದಳು. ಮಹಡಿಯ ಮೇಲೆ ಅವತ್ತು ಕಪ್ಪು ಕಾಫಿ.

ಸಂಜೆ ಸಾಹೇಬರು ಅಂಗಡಿಗೆ ಬಂದು ನನ್ನ ಮುಂದೆ ನಿಂತರು. "ನಿಮ್ಮತ್ತಿಗೆ ಅನ್ನೋದು ಗೊತ್ತು. ಬೇಜಾರು ಮಾಡ್ಕೋಬೇಡಿ. ಬೇರೆ ಯಾರ ಮೇಲೆ ಹಾಕಿದ್ರೂ ಫೋನು ಮಾಡಿಸ್ತಾರೆ, ಗಲಾಟೆ ಮಾಡ್ತಾರೆ. ಇವರು ಒಳ್ಳೆಯವರು." ಈ ಮಾತನ್ನು ಅವರು ಹೊಗಳಿಕೆಯಾಗಿಯೇ ಹೇಳಿದರು. ನನಗೆ ಅವರ ಮೇಲೆ ಸಿಟ್ಟು ಬಂದದ್ದು ಕೇಸು ಹಾಕಿದ್ದಕ್ಕಿಂತ ಹೆಚ್ಚಾಗಿ ಆ ಮಾತಿಗೆ. ಕೇಳಿದ ಬೆಲ್ಲವನ್ನು ತೂಗಿ ಕೊಟ್ಟು ಒಳಗೆ ಹೋದೆ.

ಪೇಪರಿನಲ್ಲೂ ಬಂತು: 'ಹಾಲಿನ ಅಳತೆಯಲ್ಲಿ ವ್ಯತ್ಯಾಸ, ಮಹಿಳೆಯ ಮೇಲೆ ಪ್ರಕರಣ.' ವ್ಯತ್ಯಾಸ ಯಾವ ಕಡೆಗೆ ಎಂದು ಬರೆದಿರಲಿಲ್ಲ. ಬೀದಿಯ ಕೊನೆಯ ಮನೆಗಳವರು ಪಾತ್ರೆ ತರುವುದನ್ನು ನಿಲ್ಲಿಸಿದರು. ಕೆಂದ ಹಸುವನ್ನು ನೋಡಿದ್ದ ದಲ್ಲಾಳಿ ಈ ಸಲ ಬೇಲಿ ದಾಟಿ ಒಳಕ್ಕೇ ಬಂದು, ಜಗಲಿಯ ಮೇಲೆ ಕೂತು ನೀರು ಕೇಳಿದನಂತೆ. ನಾನು ಮನೆಮನೆಗೆ ಹೋಗಿ, "ನಿಮಗೆ ಕಮ್ಮಿ ಕೊಟ್ಟಿಲ್ಲ ಕಣ್ರಪ್ಪಾ, ಜಾಸ್ತಿ ಕೊಟ್ಟದ್ದಕ್ಕೆ ಕೇಸು" ಎಂದು ಬಾಯಿ ನೋಯುವಷ್ಟು ಹೇಳಿಬಂದೆ. ನಂಬಿಸುವುದು ಕಷ್ಟವಾಯಿತು. ಜಾಸ್ತಿ ಕೊಟ್ಟರೆ ಯಾರಾದರೂ ಕೇಸು ಹಾಕುತ್ತಾರೆಯೇ ಎಂದು ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಕೊನೆಗೆ ಬಂದರು, ಒಬ್ಬೊಬ್ಬರಾಗಿ.

ಅತ್ತಿಗೆ ದಂಡ ಕಟ್ಟಿದಳು. ಹೊಸ ಅಳತೆ ತಂದಳು, ಅಲ್ಯೂಮಿನಿಯಮ್ಮಿನದು, ಉದ್ದ ಹಿಡಿಯದು. ಸಾಹೇಬರೇ ಅದಕ್ಕೆ ಸೀಲ್ ಹಾಕಿದರು. ಮೊದಲ ದಿನ ಅದನ್ನು ಹಿಡಿದು ಗೇಟಿನಲ್ಲಿ ನಿಂತಳು. ಅದ್ದಿದಳು, ಎತ್ತಿದಳು, ನೊರೆ ಇಳಿಯುವತನಕ ಕಾದಳು, ಕಣ್ಣಿನ ಮಟ್ಟಕ್ಕೆ ತಂದು ನೋಡಿದಳು, ಹೆಚ್ಚಿದ್ದ ತೊಟ್ಟನ್ನು ಕ್ಯಾನಿಗೆ ವಾಪಸ್ ಬಿಟ್ಟಳು. ಆಮೇಲೆ ಸಾಹೇಬರ ಹೆಂಡತಿಯ ಪಾತ್ರೆಗೆ ಸುರಿದಳು. ಅವರು ಪಾತ್ರೆ ಹಿಂದಕ್ಕೆ ತೆಗೆದುಕೊಳ್ಳದೆ ಹಾಗೇ ಚಾಚಿಕೊಂಡಿದ್ದರು.

"ಅಷ್ಟೇನಾ?"

"ಅಷ್ಟೇ ಕಣವ್ವ ಲೀಟರು. ಮ್ಯಾಲೆ ಕೇಳ್ಕಳಿ ಬೇಕಾರೆ."

ಮೇಲೆ ಬಾಲ್ಕನಿಯಲ್ಲಿ ಪೇಪರು ಸ್ವಲ್ಪ ಕೆಳಗಿಳಿಯಿತು, ಸಾಹೇಬರ ಕಣ್ಣು ಕಂಡವು, ಮತ್ತೆ ಪೇಪರು ಮೇಲೆ ಹೋಯಿತು. ಅಳತೆ ಸರಿಯಾಗಿಯೇ ಇತ್ತು, ಅವರೇನು ಹೇಳಿಯಾರು.

ಬೀದಿಯ ಎಲ್ಲ ಮನೆಗೂ ಹಾಗೇ ಸುರಿಯುತ್ತಾ ಹೋದಳು. ಪ್ರತಿ ಮನೆಯ ಪಾತ್ರೆಯೂ ಒಂದು ಗಳಿಗೆ ಹಾಗೇ ಚಾಚಿಕೊಂಡಿದ್ದು ಹಿಂದಕ್ಕೆ ಹೋಯಿತು. ಕೊನೆಗೆ ನೋಡಿದರೆ ಕ್ಯಾನಿನ ತಳದಲ್ಲಿ ಹಾಲು ನಿಂತಿದೆ. ಎಂದೂ ಹಾಗೆ ಉಳಿದದ್ದಿಲ್ಲ. ಅತ್ತಿಗೆ ಕ್ಯಾನನ್ನು ಬಗ್ಗಿಸಿ ನೋಡಿ ಒಂದು ಕ್ಷಣ ಬೆಪ್ಪಾಗಿ ನಿಂತಳು. ಆಮೇಲೆ ನಕ್ಕಳು. ಹಿಂದಿನ ಬೀದಿಯಲ್ಲಿ ಮೇಷ್ಟರ ಮನೆಯವರು ವರ್ತನೆ ಕೇಳಿದ್ದರು, ಇಷ್ಟು ದಿನ ಹಾಲು ಸಾಲದೆ ಒಪ್ಪಿಕೊಂಡಿರಲಿಲ್ಲ. ಅವತ್ತಿನಿಂದ ಅವರಿಗೂ ಗೊತ್ತುಮಾಡಿದಳು. ದಲ್ಲಾಳಿಗೆ ಇನ್ನು ಮೇಲೆ ನೀರು ಕೊಡುವುದಿಲ್ಲ ಎಂದು ನನಗೆ ಹೇಳಿದಳು.

ಎಲ್ಲರದೂ ಮುಗಿದ ಮೇಲೆ ನನ್ನ ಪಾತ್ರೆಗೂ ಸುರಿದಳು, ಅಳತೆಯಷ್ಟೇ. ನಾನೂ ಪಾತ್ರೆ ಚಾಚಿಕೊಂಡೇ ನಿಂತೆ.

"ನಂಗೂ ಇಲ್ವಾ ಅತ್ಗೆ?"

ಅವಳು ಕ್ಯಾನಿನ ಬಾಯಿ ಬಿಗಿಯಾಗಿ ಮುಚ್ಚಿದಳು.

"ನೀನೂ ಗಿರಾಕಿನೇ ಅಲ್ವಾ? ನಿಂಗೂ ರಕ್ಷಣೆ ಆಗೈತೆ. ಒಳಿಕ್ಕೋಗಿ ಕಾಯ್ಸ್ಕ, ಹೋಗು."